ಒಂಬತ್ತನೇ ದಿನ

ಮಿಡಿಗೇಶಿಯ ಆ ಮನೆಯಲ್ಲಿ ಹೊರಗಾದ ಹೆಂಗಸು ಮೂರು ದಿನ ಜಗಲಿ ಪಕ್ಕದ ಸಣ್ಣ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಬೇಕು. ಬಿ.ಎಡ್. ಓದಿದ ಸೊಸೆ ಇದಕ್ಕೆ ಮೂಗು ಮುರಿಯುತ್ತಾಳೆಂದು ಅತ್ತೆ ರಾಜಲಕ್ಷ್ಮಮ್ಮ ಕಾದದ್ದೇ ಬಂತು. ಸ್ಪಂದನಾ ತಾನಾಗಿಯೇ ಹೋಗಿ ಚಾಪೆ ಹಾಸಿಕೊಂಡಳು. ಅವಳಿಗೆ ಆ ಕೋಣೆ ತವರಿನಷ್ಟೇ ಹಿತವಾಗಿತ್ತು. ಅಲ್ಲಿದ್ದಾಗ ಗಂಡ ಮುಟ್ಟುವಂತಿರಲಿಲ್ಲ.

ಮದುವೆಯಾಗಿ ಎಂಟು ತಿಂಗಳು. ರಂಗಸ್ವಾಮಿ ಕೆಟ್ಟವನೇನಲ್ಲ; ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸ, ಬರುವಾಗ ಮರೆಯದೆ ಹೂವು ತರುತ್ತಿದ್ದ. ಆದರೆ ಅವನು ಹತ್ತಿರ ಬಂದರೆ ಅವಳ ಮೈ ಮರಗಟ್ಟುತ್ತಿತ್ತು, ಒಳಗೆ ಬ್ಲೇಡು ಆಡಿಸಿದಂಥ ನೋವು. ಅವನು ಅದನ್ನು ನಾಚಿಕೆ ಎಂದುಕೊಂಡ, ಪುಣ್ಯಾತ್ಮ. ಮಗು ಇಬ್ಬರಿಗೂ ಬೇಕಿತ್ತು. ಅದಕ್ಕೇ ಅವಳು ಹಲ್ಲುಕಚ್ಚಿ, ಫ್ಯಾನು ನೋಡುತ್ತ, ಮುಗಿಯುವುದನ್ನು ಕಾಯುತ್ತಿದ್ದಳು. ಅಳುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ.

ಹೀಗೆ ಆ ಕೋಣೆಯ ಮೂರು ದಿನ ಐದಾಯಿತು, ಮುಂದಿನ ತಿಂಗಳು ಏಳಾಯಿತು. "ಇನ್ನೂ ನಿಂತಿಲ್ಲ ಅತ್ತೆ" ಎಂದರೆ ಸಾಕು, ಯಾರು ಬಂದು ನೋಡುತ್ತಾರೆ? ಅದರ ಮುಂದಿನ ತಿಂಗಳು ಒಂಬತ್ತನೇ ದಿನವೂ ಅದೇ ಮಾತು ಕೇಳಿ ರಾಜಲಕ್ಷ್ಮಮ್ಮ ಗಾಬರಿಯಿಂದ ಮಗನನ್ನು ಕೂಗಿದರು.

"ಲೇ ರಂಗಾ, ಇಂಗೇ ರಕ್ತ ಹೋಯ್ತಿದ್ರೆ ಹುಡ್ಗಿ ಉಳಿತಾಳೇನ್ಲಾ? ಮಧುಗಿರಿಗೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸು!"

ಮಧುಗಿರಿಯಲ್ಲಿ ಪರೀಕ್ಷೆಗೆಂದು ಡಾಕ್ಟರಮ್ಮ ಕೈಗವಸು ಹಾಕಿಕೊಂಡದ್ದೇ ತಡ, ಸ್ಪಂದನಾಳ ಮಂಡಿಗಳು ಒಂದಕ್ಕೊಂದು ಬಿಗಿದುಕೊಂಡವು. ಆಕೆ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟರು.

"ಎಷ್ಟು ದಿನ ಹೋಗುತ್ತಮ್ಮ? ನಿಜ ಹೇಳು."

ಪರದೆಯ ಆಚೆ ಗಂಡ ಕೂತಿದ್ದ. ಕೇಳಿಸಿದರೆ ಕೇಳಿಸಲಿ ಅನ್ನಿಸಿತು.

"ಮೂರೇ ದಿನ. ಮಿಕ್ಕಿದ್ದೆಲ್ಲ ಸುಳ್ಳು. ಅವ್ರ ಜೊತೆ ಮಲ್ಗಿದ್ರೆ ತಡಿಯಕ್ಕಾಗ್ದಂಗೆ ನೋವಾಯ್ತದೆ ಮೇಡಂ."

ಡಾಕ್ಟರಮ್ಮ ರಂಗಸ್ವಾಮಿಯನ್ನೂ ಕರೆದು ಕೂರಿಸಿದರು. ಹೆದರಿಕೆಗೆ ಒಳಗಿನ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ, ಇದು ಎಷ್ಟೋ ಜನಕ್ಕೆ ಆಗುತ್ತದೆ, ವಾಸಿಯಾಗುತ್ತದೆ ಎಂದರು. ಸಡಿಲಿಸುವ ವ್ಯಾಯಾಮ ಹೇಳಿಕೊಟ್ಟು, ಅಲ್ಲಿಯವರೆಗೆ ಮಗುವಿನ ಪ್ರಯತ್ನ ಬೇಡ ಎಂದು ಕಳಿಸಿದರು.

ಬಸ್ಸಿನಲ್ಲಿ ರಂಗಸ್ವಾಮಿ, "ನಂಗ್ಯಾಕೆ ಹೇಳ್ಲಿಲ್ಲ?" ಎಂದ.

"ನೀವು ಕೇಳ್ಲಿಲ್ಲ."

ಅವನು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ. ಅವಳಿಗೆ ಅಯ್ಯೋ ಅನ್ನಿಸಬೇಕಿತ್ತು, ಏನೂ ಅನ್ನಿಸಲಿಲ್ಲ.

ಮನೆ ಬಾಗಿಲಲ್ಲೇ ಅತ್ತೆ ಕಾಯುತ್ತಿದ್ದರು.

"ರಕ್ತದ್ದೇನಿಲ್ಲ ಕಣವ್ವ. ನನ್ನಿಂದ ಅವ್ಳಿಗೆ ನೋವಾಯ್ತಿತ್ತು. ವಾಸಿಯಾಗಗಂಟ ಮಗಿನ್ ಮಾತು ಎತ್ಬ್ಯಾಡ," ಎಂದವನೇ ರಂಗಸ್ವಾಮಿ ತನ್ನ ದಿಂಬು ಎತ್ತಿಕೊಂಡು ಜಗಲಿ ಪಕ್ಕದ ಕೋಣೆಗೆ ಹೋದ. ಏನೋ ಹೇಳಹೊರಟ ರಾಜಲಕ್ಷ್ಮಮ್ಮ ಸೊಸೆಯ ಮುಖ ನೋಡಿ, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.

ನಾಲ್ಕು ತಿಂಗಳು ಸ್ಪಂದನಾ ಬಾಗಿಲು ಹಾಕಿಕೊಂಡು, ಉಸಿರು ಬಿಡುತ್ತ, ಮೈ ಸಡಿಲಿಸುವುದನ್ನು ಪಾಠದಂತೆ ಕಲಿತಳು. ಮೊದಮೊದಲು ಬೆವರು, ಆಮೇಲೆ ಉರಿ. ಒಂದು ದಿನ ಅದೂ ಇರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವಳು ಸಣ್ಣ ಕೋಣೆಯ ಬಾಗಿಲಿಗೆ ಬಂದು ನಿಂತಳು. "ನಮ್ ರೂಮಿಗೆ ಬನ್ನಿ."

ಅವನು ಎದ್ದು ಕೂತ. "ನೋವಾದ್ರೆ ಹೇಳ್ತೀಯಾ?"

"ಹೇಳ್ತೀನಿ."

"ನೀನು ಹೇಳ್ದಿದ್ರೂ ನಾನು ಕೇಳ್ತೀನಿ."

ಸ್ಪಂದನಾ ಬಾಗಿಲು ಹಿಡಿದುಕೊಂಡು, ಮದುವೆಯಾದ ವರ್ಷದಲ್ಲಿ ಮೊದಲ ಸಲ, ಬಿಕ್ಕಿಬಿಕ್ಕಿ ಅತ್ತಳು.