ಮುಟ್ಟಬಾರದ ನೀರು

ಹಬ್ಬದ ದಿನ ಅತ್ತೆಗೆ ಎದುರಾಡಬಾರದೆಂದು ಅಶ್ವಿನಿ ಬೆಳಗಿನಿಂದ ಬಾಯಿ ಬಿಗಿಹಿಡಿದಿದ್ದಳು. ಸಂಜೆ ಒಂದು ಬಕೇಟು ನೀರಿನ ಸಲುವಾಗಿ ಬಾಯಿ ಬಿಡಲೇಬೇಕಾಯಿತು.

“ಅತ್ತೀ, ಪಟಾಕಿ ಹಚ್ಚೋ ಮುಂದ ಅಂಗಳದಾಗ ಒಂದು ಬಕೇಟ ನೀರ ಇರಬೇಕ್ರಿ. ಉರದ ಸುರಸುರಬತ್ತಿ ಕಡ್ಡಿ ಅದರಾಗ ಹಾಕಿದ್ರ ಯಾರ ಕಾಲಿಗೂ ಬರಂಗಿಲ್ಲ.”

ರುಕ್ಮಿಣಿಬಾಯಿ ಬಚ್ಚಲಮನೆಯ ಬಾಗಿಲಲ್ಲೇ ನಿಂತಿದ್ದರು. ಹಿಂದೆ ತಾಮ್ರದ ಹಂಡೆ, ಅದರ ಕೊರಳಿಗೆ ಹಿಂಡಲಕಾಯಿ ಬಳ್ಳಿ, ಮೈತುಂಬ ಸುಣ್ಣದ ಗೆರೆ. ಪಕ್ಕದಲ್ಲಿ ಮನೆಯ ಕೊಡ, ಬಕೇಟು, ತಪ್ಪಲೆಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು.

“ಏನ್ ಹೇಳ್ತಿ ನೀ? ನೀರ ತುಂಬೋ ಹಬ್ಬದ ನೀರ ಅದು. ನಾಳಿ ನಸುಕಿನಾಗ ಎಣ್ಣಿ ಸ್ನಾನ ಆಗೋತನಕ ಯಾರೂ ಮುಟ್ಟಬಾರದು. ಹುಮನಾಬಾದದಾಗ ನಮ್ಮತ್ತಿ ಕಾಲದಿಂದ ಹಿಂಗೇ ನಡದಾದ.”

“ನಳ ಮುಂಜಾನಿಗೆ ಬರ್ತದ್ರಿ. ಅಲ್ಲೀತನಕ ಹೊರಗ ಒಂದು ಹನಿ ಇಲ್ಲ.”

“ನಾಕು ಸುರಸುರಬತ್ತಿಗಿ ಬಕೇಟ್ ನೀರ ಯಾಕ? ನಾವೇನ್ ಪಟಾಕಿ ಹಚ್ಚೇ ಇಲ್ಲೇನು?”

ಅಶ್ವಿನಿ ಬರಿಗೈಲೇ ಅಂಗಳಕ್ಕೆ ಬಂದಳು. ಗಂಡ ವೈಜನಾಥ ಇದ್ದಿದ್ದರೆ ಇಬ್ಬರ ನಡುವೆ ನಿಂತು ಏನಾದರೂ ಹೇಳುತ್ತಿದ್ದ, ಆದರೆ ಅವನು ಸಾತಪುರದ ಕಾರ್ಖಾನೆಯಲ್ಲಿ ಎರಡನೇ ಪಾಳಿಯಲ್ಲಿದ್ದ. ಆ ಕೆಲಸಕ್ಕೆಂದೇ ಮನೆಯವರೆಲ್ಲ ಹುಮನಾಬಾದ ಬಿಟ್ಟು ಈ ಮರಾಠಿ ಊರಿಗೆ ಬಂದಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಅಂತ ಗಾದೆ ಹೇಳುತ್ತಾರಲ್ಲ, ಈ ಮನೆಯಲ್ಲಿ ಬಾವಿ ಕಣ್ಣೆದುರಿಗೇ ತುಂಬಿ ನಿಂತಿತ್ತು, ಮುಟ್ಟುವಂತಿರಲಿಲ್ಲ ಅಷ್ಟೇ.

ಅಂಗಳದಲ್ಲಿ ಏಳು ವರ್ಷದ ವೈಷ್ಣವಿ ಹೊಸ ಘಾಗ್ರಾ ತೊಟ್ಟು ಗಿರಗಿರ ತಿರುಗುತ್ತಿದ್ದಳು. ನಾಯ್ಲಾನಿನ ಘಾಗ್ರಾ, ಪಾದ ಮುಚ್ಚುವಷ್ಟು ಉದ್ದ. “ಹತ್ತಿ ಫ್ರಾಕ್ ಹಾಕ್ಕೊ, ಬಂಗಾರಿ” ಎಂದರೆ ಹುಡುಗಿ ಮರಾಠಿಯಲ್ಲೇ ಹಟ ಹಿಡಿದಳು: “ನಾಹೀ ಆಈ, ಹಾಚ್!” ಅಮ್ಮನ ಮಾತು ಬೇಡ, ಇದೇ ಬೇಕಂತೆ. ಅದನ್ನು ಅಂಗಡಿಯಲ್ಲಿ ಇಷ್ಟಪಟ್ಟು ತಂದವಳು ಅಶ್ವಿನಿಯೇ. ಅಲ್ಲಿಯೂ ಸೋತಳು.

ಮೊದಲ ಸುರಸುರಬತ್ತಿ ಉರಿದು ಮುಗಿಯಿತು. ಕಡ್ಡಿಯನ್ನು ಅಶ್ವಿನಿ ತಾನೇ ಇಸಿದುಕೊಂಡು ಗೋಡೆಯ ಬದಿಗಿಟ್ಟಳು. ಎರಡನೆಯದನ್ನೂ ಹಾಗೇ ಇಟ್ಟಳು. ಮೂರನೆಯದು ಉರಿಯುವಾಗ ಒಳಗೆ ಫೋನು ಬಡಿದುಕೊಂಡಿತು. ವೈಜನಾಥನದೇ ಇರಬೇಕೆಂದು ಕತ್ತು ತಿರುಗಿಸಿದಳು, ಅಷ್ಟೇ. ಹುಡುಗಿ ಕೆಂಪಗೆ ಕಾದ ಕಡ್ಡಿಯನ್ನು ರಂಗೋಲಿಯ ಹತ್ತಿರ ಎಸೆದು, ಕುಣಿಯುತ್ತ ಒಂದು ಸುತ್ತು ತಿರುಗಿ ಅದರ ಮೇಲೆಯೇ ನಿಂತಳು.

“ಆಈ!”

ಘಾಗ್ರಾದ ಅಂಚು ಹೊತ್ತಿತ್ತು. ಹುಡುಗಿ ಓಡತೊಡಗಿದಳು, ಓಡಿದಷ್ಟೂ ಉರಿ ಮೇಲೇರಿತು. ಅಶ್ವಿನಿ ಹಾರಿ ಹಿಡಿದು ನೆಲಕ್ಕೆ ಕೆಡವಿ, ಬಾಗಿಲಲ್ಲಿದ್ದ ಗೋಣಿತಾಟು ಎಳೆದು ಹೊದಿಸಿ ಉರುಳಾಡಿಸಿದಳು. ಉರಿ ಆರಿತು. ಅರಿವೆ ಸರಿಸಿ ನೋಡಿದರೆ ಮೊಣಕಾಲಿನಿಂದ ಕೆಳಗೆ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತಿತ್ತು.

ಚೀರಾಟ ಕೇಳಿ ರುಕ್ಮಿಣಿಬಾಯಿ ಟೂತ್‌ಪೇಸ್ಟ್ ಹಿಡಿದು ಓಡಿಬಂದರು. “ಅಯ್ಯೋ ನನ್ನ ಕೂಸೇ! ಇದ ಹಚ್ಚು, ತಂಪಾಗ್ತದ!”

“ಹಚ್ಚಬ್ಯಾಡ್ರಿ!” ಅಶ್ವಿನಿ ಅತ್ತೆಯ ಕೈಯನ್ನೇ ತಳ್ಳಿಬಿಟ್ಟಳು. ಮದುವೆಯಾಗಿ ಬಂದಮೇಲೆ ಅದೇ ಮೊದಲು. “ಸುಟ್ಟಲ್ಲಿ ನೀರೇ ಹಾಕಬೇಕು, ಬಾಳ ಹೊತ್ತು ಹಾಕಬೇಕು. ಫ್ಯಾಕ್ಟರಿಯಾಗ ಕಲಿಸ್ಯಾರಂತ ಅವರು ಎಷ್ಟ ಸಲ ಹೇಳ್ಯಾರ!”

ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ನುಗ್ಗಿದಳು. ಕುಂಕುಮ ಹೊತ್ತ ಬಕೇಟಿಗೆ ಕೈ ಹಾಕಿದಾಗ ಹಿಂದಿನಿಂದ ಅತ್ತೆಯ ಬಳೆ ಸದ್ದಾಯಿತು. ತಡೆಯುತ್ತಾರೆ ಎಂದುಕೊಂಡಳು. ತಡೆದರೆ ಇವತ್ತು ಈ ಮನೆಯ ಋಣ ಹರಿಯಿತು ಎಂದೂ ಅಂದುಕೊಂಡಳು.

ರುಕ್ಮಿಣಿಬಾಯಿ ಹಂಡೆಯ ಕೊರಳಿನ ಬಳ್ಳಿಯನ್ನು ಕಿತ್ತೆಸೆದರು. ತಂಬಿಗೆ ಅದ್ದಿ ಮೊಮ್ಮಗಳ ಕಾಲಿಗೆ ಸುರಿದರು. ಮತ್ತೆ ಅದ್ದಿದರು, ಮತ್ತೆ ಸುರಿದರು.

“ದುಖತಂಯ, ಆಜೀ!”

“ನೋಯ್ತದವ್ವಾ, ಗೊತ್ತದ. ತಂಪಾಗ್ತದ ನೋಡು, ಈಗ ತಂಪಾಗ್ತದ” ಎನ್ನುತ್ತಲೇ ಹಂಡೆಯನ್ನು ತಳ ಕಾಣುವಂತೆ ಖಾಲಿ ಮಾಡಿದರು. ಆಮೇಲೆ ಕೊಡ, ಆಮೇಲೆ ಬಕೇಟು. ಸುಣ್ಣ ಕುಂಕುಮ ಕೂಡಿಕೊಂಡ ಕೆಂಪು ನೀರು ಬಚ್ಚಲ ಮೂಲೆಗೆ ಹರಿಯಿತು. ಮುದುಕಿ ತೋಳು ಸೋತರೂ ತಂಬಿಗೆ ಬಿಡಲಿಲ್ಲ. ಪಕ್ಕದ ಮನೆಯ ದತ್ತು ಆಟೋ ತರುವವರೆಗೂ ಸುರಿಯುತ್ತಲೇ ಇದ್ದರು.

ದವಾಖಾನೆಯ ಡಾಕ್ಟರು ಕಾಲು ನೋಡಿ, “ನೀರು ಚೆನ್ನಾಗಿ ಹಾಕಿದ್ದೀರಿ, ಗಾಯ ಆಳಕ್ಕೆ ಹೋಗಿಲ್ಲ. ವಾಸಿಯಾಗುತ್ತದೆ” ಎಂದು ಹಿಂದಿಯಲ್ಲಿ ಹೇಳಿದರು. ಆಗ ಅಶ್ವಿನಿ ಗೋಡೆಗೆ ಒರಗಿ ಗಳಗಳ ಅತ್ತಳು. ರುಕ್ಮಿಣಿಬಾಯಿ ಅಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ನಸುಕಿನಲ್ಲಿ ಆ ಮನೆಯಲ್ಲಿ ಎಣ್ಣೆ ಸ್ನಾನ ಆಗಲಿಲ್ಲ. ಹಂಡೆ ಬೋರಲು ಬಿದ್ದಿತ್ತು. ನಳ ಬಂದ ಸದ್ದಿಗೆ ಅಶ್ವಿನಿ ಎದ್ದುಬಂದರೆ, ಅತ್ತೆ ಎಲ್ಲಕ್ಕಿಂತ ಮೊದಲು ಒಂದು ಬಕೇಟು ತುಂಬಿ ಅಂಗಳಕ್ಕೆ ಒಯ್ಯುತ್ತಿದ್ದರು. ಬಾಗಿಲ ಮುಂದೆ ಇಟ್ಟು, ಕುಂಕುಮ ಹಚ್ಚಿ, ನಿನ್ನೆ ಕಿತ್ತೆಸೆದ ಬಳ್ಳಿಯನ್ನೇ ಅದಕ್ಕೆ ಸುತ್ತಿದರು. ಓಣಿಯ ಮಕ್ಕಳು ಪಟಾಕಿ ಹಿಡಿದು ದೂರದಲ್ಲೇ ಅನುಮಾನಿಸುತ್ತ ನಿಂತಿದ್ದವು.

“ಬರ್ರಿ, ಉರದ ಕಡ್ಡಿ ಇದರಾಗ ಹಾಕ್ರಿ” ಎಂದರು ರುಕ್ಮಿಣಿಬಾಯಿ. ಆಮೇಲೆ ಸೊಸೆಯ ಕಡೆ ತಿರುಗಿದರು.

“ಈ ನೀರ ಮುಟ್ಟಲಿಕ್ಕೇ ತುಂಬೀನವ್ವಾ.”