ದೌಲತರಾಯರ ಎಡಗಡೆ ಸೀಟು

ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ದೌಲತರಾಯರ ಹಣೆಗೆ ಅಯ್ಯನವರು ವಿಭೂತಿ ಬಳಿಯುತ್ತಿದ್ದಾಗ, ಹೆಂಡತಿ ಗೌರಾಬಾಯಿ ಎದ್ದು ಮೊಳೆಗೆ ತೂಗಿದ್ದ ಕಾರಿನ ಕೀಲಿ ತೆಗೆದು ನಡುವಿಗೆ ಸಿಕ್ಕಿಸಿಕೊಂಡಳು. ಅಳುತ್ತಿದ್ದ ಹೆಂಗಸರು ಒಂದು ಗಳಿಗೆ ಅಳು ನಿಲ್ಲಿಸಿ ನೋಡಿದರು.

ಅಂಗಳದಲ್ಲಿ ಕಾರು ಕೊಳ್ಳಲು ಬಂದ ಶಾಹಿದ ನಿಂತಿದ್ದ. ಕಲಬುರಗಿಯವನು, ಹಳೆ ಗಾಡಿಗಳ ವ್ಯಾಪಾರಿ. ಇವತ್ತೇ ಬಾ ಎಂದದ್ದು ದೌಲತರಾಯರೇ. ನಿನ್ನೆ ಸಂಜೆ ಕಾರಿನಲ್ಲಿ ಕೊನೆಯದೊಂದು ಸುತ್ತು ಹೊಡೆದು ಬಂದು ಮಲಗಿದವರು ಮತ್ತೆ ಏಳಲಿಲ್ಲ.

"ಅವ್ವಾ, ಅಪ್ಪ ಮಾತು ಕೊಟ್ಟಾನಂತ. ಕೀಲಿ ಕೊಟ್ಟು ಕಳಿಸೋಣು," ಎಂದ ಮಗ ಸಂಜುಕುಮಾರ.

"ಮಾರೋದು ನನಗ್ಯಾಕ ಹೇಳಲಿಲ್ಲ? ಅದರಾಗ ಏನರ ಮುಚ್ಚಿಡೋದಿತ್ತೇನು?"

ಮಗ ಶಾಹಿದನಿಗೆ ತುಸು ನಿಲ್ಲುವಂತೆ ಕೈ ಮಾಡಿದ.

ಗೌರಾಬಾಯಿಗೆ ಮುಂಜಾನೆಯಿಂದ ಕಣ್ಣೀರು ಬಂದಿರಲಿಲ್ಲ, ಅನುಮಾನ ಬಂದಿತ್ತು. ಸತ್ತವರ ಮುಂದೆ ಇಂಥದ್ದು ಯೋಚಿಸಬಾರದೆಂದು ಅವಳಿಗೂ ಗೊತ್ತು. ಆದರೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದು ಮುಂಜಾನೆಯಲ್ಲಿ ಕರಗುತ್ತದೆಯೇ? ಈ ಶಾಹಿದನನ್ನು, ಗಂಡನ ಪಕ್ಕ ಕಾರಿನಲ್ಲಿ ಕೂತು ತಿರುಗುತ್ತಿದ್ದಳೆಂದು ಜನ ಹೇಳುವ ಆ ಹೆಂಗಸೇ ಕಳಿಸಿರಬೇಕು. ಅವಳು ಯಾರೆಂದು ತಿಳಿಯದೆ ಕಾರನ್ನು ಅಂಗಳ ದಾಟಿಸಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

*

ತೊಗರಿ ವ್ಯಾಪಾರ ಕೈಹಿಡಿದ ವರ್ಷ ದೌಲತರಾಯರು ಹೈದರಾಬಾದಿನಿಂದ ಆ ಕಾರು ತಂದಿದ್ದರು. ಇಂಗ್ಲೆಂಡಿನ ಎಂ.ಜಿ. ಕಂಪನಿಯ ಹಳೆ ಮಾಲು. ಹೊಟ್ಟೆ ನೆಲಕ್ಕೆ ತಾಗುವಂಥ ಗಾಡಿ. ಮೇಲೆ ಮುಚ್ಚುವ ಟಪ್ಪವಿಲ್ಲ, ಒಳಗೆ ಎರಡೇ ಸೀಟು. ನೋಡಲು ಅರ್ಧ ಜೇವರ್ಗಿ ನೆರೆದಿತ್ತು.

"ಗೌರಾ, ಕುಂದ್ರು ಬಾ. ಅಂದೋಲಾ ಮಠಕ್ಕ ಹೋಗಿ ಬರೋಣು."

"ಅತ್ತಿ, ಮಾವ ನಿಂತಾರ. ಎಲ್ಲಾರ ಎದುರಿಗಿ ನಿಮ್ಮ ಬಾಜೂಕ ಕುಂತು ಮೆರಿಲೇನು? ನಾಳಿ ನೋಡೋಣು."

ಆ ನಾಳೆ ಬರಲಿಲ್ಲ. ಅದೇ ವಾರ ನಾದಿನಿ ಮಹಾನಂದಾ ಆಳಂದದಿಂದ ಬಂದವಳು ಅಡುಗೆಮನೆಯಲ್ಲಿ ಕಿವಿ ಊದಿದಳು.

"ವೈನಿ, ದಾರ್ಯಾಗ ಅಣ್ಣನ ಗಾಡಿ ಕಂಡ್ನಿ, ಬಾಜೂಕ ಯಾರ ಕುಂತಿದ್ರು? ಕೆಂಪು ಸೆರಗು ಹಾರಾಕತ್ತಿತ್ತು. ಧೂಳಿನಾಗ ಮಾರಿ ಕಾಣಲಿಲ್ಲ."

ಮುಂದೆ ಅಫಜಲಪುರದ ರಸ್ತೆಯಲ್ಲೂ ಆ ಸೆರಗು ಕಂಡವರು ಹುಟ್ಟಿಕೊಂಡರು. ಗೌರಾಬಾಯಿ ಗಂಡನನ್ನು ಕೇಳಲಿಲ್ಲ. ರೊಟ್ಟಿ ಬಡಿಸಿದಳು, ಮಾತು ಬಡಿಸಲಿಲ್ಲ. ಕುಂದ್ರು ಬಾ ಎಂದಾಗಲೆಲ್ಲ "ಆ ಸೀಟು ನನಗ ಬ್ಯಾಡ" ಎಂದು ಒಳಗೆ ಹೋದಳು. ಕೊನೆಗೆ ಅವರೂ ಕರೆಯುವುದನ್ನು ಬಿಟ್ಟರು.

*

"ಸಾವಕಾರ್ರ ರುಮಾಲ ಎಲ್ಲಿ ಅದರಿ?" ಅಯ್ಯನವರು ಕೇಳಿದರು. ಬಾಗಿಲಲ್ಲಿ, ಸತ್ತವರನ್ನು ಕೂಡಿಸಿ ಹೊತ್ತೊಯ್ಯುವ, ಹೂವು ಕಟ್ಟಿದ ವಿಮಾನ ಸಿದ್ಧವಿತ್ತು. ತಲೆಗೆ ರುಮಾಲು ಸುತ್ತದೆ ಅದರಲ್ಲಿ ಕೂಡಿಸುವಂತಿರಲಿಲ್ಲ. ಟ್ರಂಕು, ಗೂಟ, ಹಾಸಿಗೆ ಎಲ್ಲ ಹುಡುಕಿದರು. ನಿನ್ನೆ ಬರಿದಲೆಯಲ್ಲಿ ಮನೆಗೆ ಬಂದಿದ್ದರೇ ಎಂದು ಹೇಳಲು ಗೌರಾಬಾಯಿ ಅವರ ಮುಖ ನೋಡಿದ್ದರೆ ತಾನೇ.

ಅವಳು ನೇರ ಅಂಗಳಕ್ಕಿಳಿದಳು.

"ಯಾರ ಕಳಿಸ್ಯಾರ ನಿಮ್ಮನ್ನ? ಖರೇ ಹೇಳ್ರಿ."

"ಯಾರೂ ಇಲ್ರಿ ಅವ್ವಾರ," ಎಂದ ಶಾಹಿದ. "ಸಾವಕಾರ್ರ ಫೋನ್ ಮಾಡಿದ್ರು. ಯಾಕ ಮಾರ್ತೀರಿ ಅಂತ ಕೇಳಿದ್ನಿ. ಇದು ಬಂದಾಗಿಂದ ಮನಿಯಾಕಿ ನನ್ನ ಸಂಗಟ ನೆಟ್ಟಗ ಮಾತಾಡಿಲ್ಲ, ಹೋದ್ರ ಮಾತಾಡಿಯಾಳು ಅಂದ್ರು."

ಬಾಯಿಪಾಠ ಮಾಡಿಸಿ ಕಳಿಸಿದ್ದಾರೆ ಎನಿಸಿತು ಗೌರಾಬಾಯಿಗೆ.

"ಬಾಜೂ ಸೀಟಿನ್ಯಾಗ ಯಾರ ಕುಂದರ್ತಿದ್ರು?"

ಶಾಹಿದ ಕಾರಿಗೆ ಹೊದಿಸಿದ್ದ ತಾಡಪತ್ರಿ ಸರಿಸಿದ. ಬಲಗಡೆ, ದೌಲತರಾಯರು ಕೂತು ನಡೆಸುತ್ತಿದ್ದ ಸೀಟಿನ ಚರ್ಮ ಸೀಳಿ, ಅವರ ಮೈಯಷ್ಟಗಲ ತಗ್ಗು ಬಿದ್ದಿತ್ತು. ಎಡಗಡೆ ಸೀಟಿಗೆ ಉದ್ದನೆಯ ಕೆಂಪು ಬಟ್ಟೆಯೊಂದನ್ನು ಸುತ್ತಿ ಬಿಗಿಯಲಾಗಿತ್ತು. ಗಂಟಿನಾಚೆ ಒಂದು ಮಾರು ತುದಿ ಸಡಿಲವಾಗಿ ಬಿದ್ದಿತ್ತು.

"ಇದ ನೋಡ್ರಿ ರುಮಾಲ," ಎಂದ. "ಟಪ್ಪ ಇಲ್ಲದ ಗಾಡ್ಯಾಗ ತಲಿಮ್ಯಾಲ ನಿಂದರಂಗಿಲ್ಲ. ಊರ ದಾಟಿದ ಮ್ಯಾಲ ಬಿಚ್ಚಿ ಇಲ್ಲಿ ಕಟ್ಟತಿದ್ರು ಕಾಣಸ್ತದ. ಧೂಳೂ ಕುಂದರಂಗಿಲ್ಲ ಸೀಟಿಗಿ."

ಗಂಟು ಬಿಚ್ಚಿದಾಗ ಒಳಗಿನ ಚರ್ಮ ಬಿಗಿಯಾಗಿ, ಎಲ್ಲೂ ಸುಕ್ಕಿಲ್ಲದೆ ಇತ್ತು.

"ಸೀಟ ಬದಲಿ ಮಾಡಿಸಿರಬೇಕು," ಎಂದಳು ಗೌರಾಬಾಯಿ.

"ಇಲ್ರಿ ಅವ್ವಾರ. ಎರಡಕ್ಕೂ ಒಂದೇ ಹೊಲಿಗಿ. ಇದರ ಮ್ಯಾಲ ಯಾರೂ ಕುಂತಿಲ್ರಿ."

ಹೊಸ್ತಿಲಲ್ಲಿ ನಿಂತಿದ್ದ ಮಹಾನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳನ್ನು ಬೈಯಲು ಗೌರಾಬಾಯಿಗೆ ಮನಸ್ಸಾಗಲಿಲ್ಲ. ತಾನು ಒಂದು ಸಲ, ಜಗಳಕ್ಕಾದರೂ, ಕೇಳಬಹುದಿತ್ತು. ಮುಂಜಾನೆಯಿಂದ ಬಾರದ ಅಳು ಒಮ್ಮೆಲೇ ಬಂತು. ಕಾರಿನ ಬಾಗಿಲು ಹಿಡಿದು ಮನಸೋಇಚ್ಛೆ ಅತ್ತಳು.

ರುಮಾಲು ಒಳಗೆ ಹೋಯಿತು. ಅಯ್ಯನವರು ಸುತ್ತಿದರು. ವಿಮಾನ ಹೆಗಲೇರಿತು.

ಗೌರಾಬಾಯಿ ಕಾರಿನ ಎಡಗಡೆ ಸೀಟಿನಲ್ಲಿ ಕೂತಳು. ನಡೆಸಲೆಂದು ಶಾಹಿದ ಬಲಗಡೆ ಬಂದಾಗ ಅಲ್ಲಿ ಕೈ ಅಡ್ಡ ಇಟ್ಟಳು.

"ಇಲ್ಲಿ ಕುಂದರಬ್ಯಾಡ್ರಿ. ಹೊರಗಿಂದ ಹಿಡೀರಿ."

ಹೊಲದ ಹಾದಿಯಲ್ಲಿ ವಿಮಾನದ ಹಿಂದೆ ಕಾರು ಸದ್ದಿಲ್ಲದೆ ಹೊರಟಿತು. ಓಣಿಯ ನಾಲ್ಕು ಮಂದಿ ಹಿಂದಿನಿಂದ ದಬ್ಬುತ್ತಿದ್ದರು. ಶಾಹಿದ ಪಕ್ಕದಲ್ಲಿ ನಡೆಯುತ್ತ, ಒಳಗೆ ಕೈ ಚಾಚಿ ಸ್ಟೇರಿಂಗ್ ಹಿಡಿದಿದ್ದ. ಗೌರಾಬಾಯಿ ಬಲಗಡೆ ಸೀಟಿನ ತಗ್ಗಿಗೆ ಮುಖ ತಿರುಗಿಸಿ, ದಾರಿಯುದ್ದಕ್ಕೂ ಮಾತಾಡುತ್ತಿದ್ದಳು.