ಮುಂದೆ ದೊಡ್ಡದಿದೆ

ಯಾವ ತಂತಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡುವ ಗೋಜಿಗೇ ಹೋಗದೆ ಹಟ್ಟಿಯ ಹುಡುಗ ಜುಂಜೇಶ ಕಂಪ್ಯೂಟರಿನ ಹಿಂದೆ ಕೈಹಾಕಿ ಎಳೆದೇಬಿಟ್ಟ. ಪ್ಲಗ್ಗಿನ ಜೊತೆ ಗೋಡೆಯ ಸ್ವಿಚ್ ಬೋರ್ಡೂ ಅರ್ಧ ಕಿತ್ತು ಬಂತು.

"ಮೆಲ್ಲಗೆ ಕಣಪ್ಪ," ಎಂದಳು ವನಜಾ. ಅಂದ ಮೇಲೆ ಅವಳಿಗೇ ಅನ್ನಿಸಿತು, ಇನ್ನು ಸ್ವಲ್ಪ ಹೊತ್ತಿಗೆ ಮಣ್ಣಿಗೆ ಹೋಗುವ ವಸ್ತು, ಮೆಲ್ಲಗೆ ಕಿತ್ತರೇನು ಜೋರಾಗಿ ಕಿತ್ತರೇನು.

ಹೊರಗೆ ಚಪ್ಪರದ ಕೆಳಗೆ ಅವಳ ಗಂಡ ಓಬಳೇಶನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಿಂದಿನ ಸಂಜೆ ಇದೇ ಕೋಣೆಯಲ್ಲಿ, ಇದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆಟ ಆಡುತ್ತಿದ್ದವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಆಸ್ಪತ್ರೆಗೆ ಹೊರಟ ಆಟೋ ಶೆಟ್ಟಿಕೆರೆ ದಾಟುವ ಮೊದಲೇ ಪ್ರಾಣ ಹೋಗಿತ್ತು. ವಯಸ್ಸು ನಲವತ್ತೈದೂ ಆಗಿರಲಿಲ್ಲ.

ಬಾಗಿಲಲ್ಲಿ ಯತ್ತಪ್ಪ ನಿಂತಿದ್ದ. ಓಬಳೇಶನ ದೊಡ್ಡಪ್ಪ, ಹಟ್ಟಿಗೇ ಹಿರಿಯ. ಅವನು ಹೇಳಿದ ಮೇಲೆ ಇನ್ನೊಬ್ಬರು ಮಾತಾಡುವ ರೂಢಿ ಆ ಹಟ್ಟಿಯಲ್ಲಿ ಇರಲಿಲ್ಲ.

"ನಮ್ಮಪ್ಪನ ಜೊತೆ ಅವ್ನ ಕೊಳಲು ಹಾಕಿದ್ವಿ. ನನ್ ತಮ್ಮನ ಜೊತೆ ಅವ್ನ ಕಂಬಳಿ ಹಾಕಿದ್ವಿ. ಪ್ರೀತಿ ಪಟ್ಟಿದ್ದು ಜೊತೆಗೋಗ್ಬೇಕು. ಇವ್ನು ಇದ್ನ ಪ್ರೀತಿ ಪಟ್ಟ. ಅದೂ ಅಲ್ದೆ, ತಗೊಂಡೋಗಿದ್ದು ಇದೇ ತಾನೆ? ಇಲ್ಲೇ ಇದ್ರೆ ಈ ಮಗೂನೂ ಬುಡಾಕಿಲ್ಲ."

ಈ ಮಗು ಎಂದರೆ ವರ್ಷಿಣಿ, ಓಬಳೇಶನ ಒಬ್ಬಳೇ ಮಗಳು. ಹತ್ತನೇ ಕ್ಲಾಸು. ರಾಗಿ ಮೂಟೆಗೆ ಆತು ಕೂತಿದ್ದವಳ ಕಣ್ಣಲ್ಲಿ ನಿನ್ನೆಯಿಂದ ಒಂದು ಹನಿ ನೀರಿಲ್ಲ. ಅಳುವವರನ್ನು ಸಮಾಧಾನ ಮಾಡಬಹುದು, ಅಳದವರಿಗೆ ಏನು ಮಾಡುವುದು? ವನಜಾ ಹತ್ತಿರ ಹೋಗಿ ಕೂತಳು.

"ಹಾಕ್ಲಿ ಬುಡಮ್ಮ," ಎಂದಳು ವರ್ಷಿಣಿ. "ಅಪ್ಪ ಸಾಕು ಅಂತ ಎದ್ದಿತ್ತು. ನಾನೇ ಕೂರಿಸ್ದೆ. ಇವತ್ತು ಆ ರಾಕ್ಷಸನ್ನ ಮುಗ್ಸೇ ಬುಡಪ್ಪ ಅಂದೆ. ನಾನು ಹೇಳ್ದೆ ಇದ್ದಿದ್ರೆ..."

ವನಜಾ ಅವಳ ಕೈ ಹಿಡಿದುಕೊಂಡಳು. ಗಂಡ ಹೋದ, ಅದು ಹಣೆಬರಹ ಎಂದುಕೊಳ್ಳಬಹುದು. ಆದರೆ ಅಪ್ಪನನ್ನು ತಾನೇ ಕೊಂದೆ ಎಂದುಕೊಂಡು ಈ ಹುಡುಗಿ ಬದುಕುವುದು ಹೇಗೆ?

*

ಓಬಳೇಶ ತೆಂಗಿನಕಾಯಿ ಸುಲಿಯುವವನು. ಮನೆ ಹಿಂದಿನ ತುಂಡು ತೋಟ ಹೆಸರಿಗಷ್ಟೇ, ಹೊಟ್ಟೆ ಹೊರೆದದ್ದು ಊರವರ ಕಾಯಿ ಸುಲಿದು. ಮೀಸೆ ಮೂಡುವ ಹೊತ್ತಿಗೆ ಕೊಬ್ಬರಿ ಲೋಡಿನ ಜೊತೆ ತಿಪಟೂರಿಗೆ ಹೋಗಲು ಶುರು ಮಾಡಿದ. ಮಂಡಿಯಲ್ಲಿ ಮೂಟೆ ಇಳಿಸಿದ ಮೇಲೆ ಜೊತೆಯ ಹುಡುಗರು ಸಿನಿಮಾಕ್ಕೋ ಇಸ್ಪೀಟಿಗೋ ಹೋದರೆ ಇವನು ಬಸ್ ಸ್ಟ್ಯಾಂಡಿನ ಹಿಂದಿದ್ದ ರಾಜಣ್ಣನ ಕಂಪ್ಯೂಟರ್ ಸೆಂಟರಿಗೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಅಲ್ಲಿ ಅವನಿಗೆ ಸಿಕ್ಕಿದ್ದು ಗುಹೆ ಆಟ. ಇಂಗ್ಲಿಷಿನಲ್ಲಿ ಅದಕ್ಕೆ ಬೇರೇನೋ ಹೆಸರಿತ್ತು, ಇವನ ಬಾಯಿಗೆ ಅದು ಹೊರಳಲಿಲ್ಲ. ಒಂಟಿ ಆಳು, ಕೈಯಲ್ಲಿ ಕತ್ತಿ. ಗುಹೆಯೊಳಗೆ ಇಳಿಯಬೇಕು, ಎದುರಾದದ್ದನ್ನು ಕಡಿಯಬೇಕು. ಕಡಿದಷ್ಟೂ ಬಲ ಬರುತ್ತದೆ, ಬಲ ಬಂದಷ್ಟೂ ಇನ್ನೂ ಕೆಳಕ್ಕೆ. ಆಮೇಲೆ ಬೇಟೆ ಆಟ ಬಂತು. ಗುಡ್ಡದಂಥ ಮೃಗವನ್ನು ಕೆಡವಿ, ಅದರ ಕೊಂಬಿನಲ್ಲೇ ಮುಂದಿನ ಬೇಟೆಗೆ ಈಟಿ ಮಾಡಿಕೊಳ್ಳುವುದು. ಕೊನೆಗೆ ಬೂದಿ ಆಟ. ಸುಟ್ಟು ಹೋದ ರಾಜ್ಯ, ಅಡಿಗಡಿಗೆ ಸಾವು, ಸತ್ತರೆ ಹಿಂದಿನ ಬಾವಿಕಟ್ಟೆಯ ಮೇಲೆ ಮತ್ತೆ ಎದ್ದು ಕೂರಬೇಕು. ಎಲ್ಲಕ್ಕಿಂತ ಅವನಿಗೆ ಹಿಡಿಸಿದ್ದು ಅದೇ.

"ನೂರು ಸಲ ಸತ್ರೂ ಬಯ್ಯಲ್ಲ ಕಣಣ್ಣ," ಎಂದಿದ್ದ ರಾಜಣ್ಣನಿಗೆ. "ಇನ್ನೊಂದ್ಸಲ ನೋಡು ಅಂತೈತೆ. ನಮ್ಮನೇಲಿ ಒಂದು ಲೋಟ ಬೀಳ್ಸಿದ್ರೆ ವರ್ಷ ಪೂರ್ತಿ ಬಯ್ತಾರೆ."

ಅವನ ಆಟದಲ್ಲಿ ಒಂದೇ ಒಂದು ಹುಚ್ಚಿತ್ತು. ಈ ಆಟಗಳಲ್ಲೆಲ್ಲ ಗಾಯಕ್ಕೆ ಔಷಧಿ ಸೀಸೆ ಸಿಗುತ್ತದೆ. ಕುಡಿದರೆ ಪ್ರಾಣ ತುಂಬಿಕೊಳ್ಳುತ್ತದೆ. ಓಬಳೇಶ ಸೀಸೆಗಳನ್ನೆಲ್ಲ ಆಯ್ದು ಆಯ್ದು ಚೀಲ ತುಂಬುತ್ತಿದ್ದ, ಒಂದನ್ನೂ ಕುಡಿಯುತ್ತಿರಲಿಲ್ಲ.

"ಲೇ, ಕುಡಿಯೋ! ಒಂದೇಟು ಬಿದ್ರೆ ಸಾಯ್ತೀಯ ಕಣ್ಲಾ!" ಎಂದು ರಾಜಣ್ಣ ತನ್ನ ಕುರ್ಚಿಯಿಂದಲೇ ಕೂಗುವನು.

"ಇರ್ಲಿ ಬುಡಣ್ಣ. ಮುಂದೆ ದೊಡ್ಡದೈತೆ."

ಮುಂದೆ ದೊಡ್ಡದು ಬರುತ್ತಿತ್ತು. ಓಬಳೇಶ ಸೀಸೆ ಮುಟ್ಟದೆ ಸಾಯುತ್ತಿದ್ದ, ಎದ್ದು ಮತ್ತೆ ಹೋಗುತ್ತಿದ್ದ, ಎಷ್ಟೋ ದಿನಕ್ಕೆ ಗೆಲ್ಲುತ್ತಿದ್ದ. ಆಟ ಮುಗಿದಾಗ ಚೀಲ ಬಿರಿಯುವಷ್ಟು ಔಷಧಿ ಹಾಗೇ ಉಳಿದಿರುತ್ತಿತ್ತು. ರಾಜಣ್ಣ ತಲೆ ಚಚ್ಚಿಕೊಳ್ಳುವನು.

ತಪ್ಪು ಅವನೊಬ್ಬನದೇ ಅಲ್ಲ ಬಿಡಿ, ಆ ಸೀಮೆಯ ನೀರಿನದು. ಅಲ್ಲಿ ಕಿತ್ತ ಕಾಯಿಯನ್ನು ಕಿತ್ತ ಕೂಡಲೇ ಮಾರುವವನನ್ನು ಯಾರೂ ಗಂಡಸೆಂದು ಎಣಿಸುವುದಿಲ್ಲ. ಕಾಯಿ ಅಟ್ಟಕ್ಕೇರಬೇಕು. ಕೆಳಗಿನ ಒಲೆಯ ಹೊಗೆ ಕುಡಿದು ವರ್ಷವಿಡೀ ಒಣಗಬೇಕು. ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಟಗಟ ಎನ್ನಬೇಕು. ಆಮೇಲೂ ಧಾರಣೆ ಏರಲಿ ಎಂದು ಕಾಯುವವರಿದ್ದಾರೆ. ತಾಳಿದವನು ಬಾಳಿಯಾನು ಎಂಬುದನ್ನು ಅಲ್ಲಿ ಮಕ್ಕಳಿಗೆ ಬಾಯಲ್ಲಿ ಹೇಳಿಕೊಡುವುದಿಲ್ಲ, ತಲೆ ಎತ್ತಿದರೆ ಅಟ್ಟ ಕಾಣುತ್ತದೆ.

*

ರಾಜಣ್ಣ ಬೈಕಿನಿಂದ ಇಳಿದವನೇ ಹಾರ ಹಾಕಿ, ಒಳಗೆ ಬಂದು, ನೆಲದ ಮೇಲೆ ಬಿದ್ದಿದ್ದ ಸಿಪಿಯು ಡಬ್ಬವನ್ನು ನೋಡಿ ಬೆಚ್ಚಿದ. ಮೊಬೈಲು ಬಂದು ಸೆಂಟರು ಮುಚ್ಚಿದ ಕಾಲದಲ್ಲಿ ಓಬಳೇಶನಿಗೆ ಅದನ್ನು ಕೊಟ್ಟವನು ಅವನೇ. ಆಮೇಲೂ ಆಗಾಗ ಬಂದು ಅದರ ಹೊಟ್ಟೆ ಬಿಚ್ಚಿ ಹೊಸ ಹೊಸ ಸಾಮಾನು ಹಾಕಿಕೊಟ್ಟು, ಒಂದು ಆಟ ಆಡಿ, ಊಟ ಮಾಡಿಕೊಂಡು ಹೋಗುವನು.

"ಇದ್ನ್ಯಾಕಮ್ಮ ಕಿತ್ತಿದ್ದು?"

"ಗುಂಡಿಗೆ ಹಾಕ್ಬೇಕಂತೆ," ಎಂದಳು ವನಜಾ.

ರಾಜಣ್ಣ ಸೀದಾ ಯತ್ತಪ್ಪನ ಹತ್ತಿರ ಹೋದ. "ಯಜಮಾನ್ರೇ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ಇದು. ಎದೆ ಕೆಟ್ಟಿದ್ದು ಆಟದಿಂದ ಅಲ್ಲ. ಅವ್ನು ಹುಡುಗ ಆಗಿದ್ದಾಗಿಂದ ಗೆದ್ದಿದ್ದು, ಸೋತಿದ್ದು, ಎಲ್ಲಾ ಈ ಡಬ್ಬದೊಳಗೈತೆ ಕಣ್ರೀ. ಮಗಳಿಗಾದ್ರೂ ಇರ್ಲಿ."

"ನೀನು ತಿಪಟೂರೋನು. ಹಟ್ಟಿ ವಿಷ್ಯ ನಿಂಗ್ಯಾಕೆ?" ಯತ್ತಪ್ಪ ಮುಖವನ್ನೂ ತಿರುಗಿಸಲಿಲ್ಲ.

ವನಜಾ ಓಬಳೇಶನ ಟವೆಲ್ ಹಾಸಿ ಡಬ್ಬವನ್ನು ಅದರೊಳಗೆ ಇಟ್ಟಳು. ಆಟದ ರಿಮೋಟು ಮೇಜಿನ ಮೇಲೆ ಬಟ್ಟೆ ಚೀಲದಲ್ಲಿತ್ತು. ಧೂಳು ಕೂರುತ್ತದೆಂದು ಅವಳೇ ರವಿಕೆ ತುಂಡಿನಲ್ಲಿ ಹೊಲಿದ ಚೀಲ. ಮದುವೆಯಾದ ಹೊಸತರಲ್ಲಿ ಈ ರಿಮೋಟನ್ನು ತಿಪ್ಪೆಗೆ ಎಸೆಯುತ್ತೇನೆಂದು ಕುಣಿದಿದ್ದಳು. ಬರುಬರುತ್ತಾ ಪಕ್ಕದಲ್ಲೇ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಾ, "ಹಿಂದೆ ನೋಡ್ರೀ, ಹಿಂದೆ! ಕಂಬದ ಮರೇಲವ್ನೆ!" ಎಂದು ಕೂಗುವಷ್ಟಾದಳು. ಜಗಳವಾಡಿ ಗೆಲ್ಲಲಾಗದ್ದನ್ನು ಜೊತೆ ಕೂತು ಒಪ್ಪಿಕೊಂಡಿದ್ದಳು, ಎಲ್ಲ ಹೆಂಡಿರಂತೆ.

ಚೀಲದಲ್ಲಿ ರಿಮೋಟಿನ ಜೊತೆ ಇನ್ನೇನೋ ಚರಚರ ಅಂದಿತು. ಕೈಹಾಕಿ ತೆಗೆದಳು. ಮಾತ್ರೆ ಹಾಳೆ. ಒಂದಲ್ಲ, ರಬ್ಬರ್ ಬ್ಯಾಂಡು ಸುತ್ತಿದ ಒಂದು ಕಟ್ಟು. ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಮಾತ್ರೆಯನ್ನೂ ಒತ್ತಿ ತೆಗೆದಿರಲಿಲ್ಲ.

*

ಯುಗಾದಿ ಕಳೆದ ಮೇಲೆ ಒಂದು ದಿನ ಕಾಯಿ ಸುಲಿಯುತ್ತಿದ್ದಾಗ ಎಡಗೈ ಸೆಳೆಯಿತೆಂದು ಅವನನ್ನು ತಿಪಟೂರಿನ ಡಾಕ್ಟರಿಗೆ ತೋರಿಸಿದ್ದರು. ಎದೆ ಹಿಡಿದ ಹಾಗಾದ ಕೂಡಲೇ ಇದನ್ನು ನಾಲಿಗೆ ಕೆಳಗಿಡಬೇಕು, ತಡ ಮಾಡಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಮುಂದೆ ಬೆಂಗಳೂರಿಗೋ ಮೈಸೂರಿಗೋ ಹೋಗಿ ಪರೀಕ್ಷೆ ಮಾಡಿಸಿ ಎಂದೂ ಹೇಳಿದರು. ಕಾಯಿ ಕೆಲಸ ಮುಗೀಲಿ ಎಂದ ಓಬಳೇಶ.

ಆಮೇಲೆ ಎಷ್ಟೋ ಸಲ ಅವನು ಸುಲಿಯುವುದು ಬಿಟ್ಟು ಮರಕ್ಕೆ ಒರಗಿ ನಿಂತದ್ದನ್ನು ವನಜಾ ಕಂಡಿದ್ದಳು.

"ಮಾತ್ರೆ ಇಟ್ಕೊಂಡ್ರಾ?"

"ಇಟ್ಕೊಂಡೆ ಕಣೇ."

"ಎಲ್ಲಿ, ನಾಲಿಗೆ ತೋರ್ಸಿ."

"ಥೂ, ನಾನೇನು ಮಗುವಾ? ಕರಗೋಯ್ತು." ಎಂದು ನಕ್ಕಿದ್ದ.

ಅವಳೂ ನಕ್ಕು ಸುಮ್ಮನಾಗಿದ್ದಳು. ತಿಂಗಳಿಗೊಮ್ಮೆ ಹೊಸ ಹಾಳೆ ತಂದುಕೊಡುತ್ತಿದ್ದಳು, ಅವನು ಈಸಿಕೊಳ್ಳುತ್ತಿದ್ದ. ಇಷ್ಟೇ.

*

ತೋಟದ ಅಂಚಿನಲ್ಲಿ ಗುಂಡಿ ತೆಗೆದಿದ್ದರು. ಓಬಳೇಶನನ್ನು ಇಳಿಸಿದರು. ಅವನ ತಾಯಿ ಕಾಳಕ್ಕ ಗುಂಡಿಯ ಪಕ್ಕ ಮಣ್ಣಿನ ಮೇಲೆ ಕುಸಿದು ಕೂತಿದ್ದಳು. ಎಲೆ ಅಡಿಕೆ ಹಾಕಿದರು, ಹೊಸ ಪಂಚೆ ಹಾಕಿದರು.

"ಅದ್ನ ತನ್ನಿ," ಎಂದ ಯತ್ತಪ್ಪ.

ಜುಂಜೇಶ ಟವೆಲ್ ಗಂಟು ಎತ್ತುವಷ್ಟರಲ್ಲಿ ವರ್ಷಿಣಿ ಅದನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. ಗುಂಡಿಯ ತುದಿಗೆ ಬಂದಳು. "ನಾನೇ ಹಾಕ್ತೀನಿ ತಾತ. ಆಡ್ಸಿದ್ದು ನಾನು ತಾನೆ?" ಎಂದಳು. ದನಿಯಲ್ಲಿ ಅಳುವಿರಲಿಲ್ಲ, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವ ಹುಡುಗಿಯ ಹಾಗೆ ನೆಟ್ಟಗೆ ನಿಂತಿದ್ದಳು.

ವನಜಾಳ ಮುಷ್ಟಿಯಲ್ಲಿ ಮಾತ್ರೆ ಕಟ್ಟು ಇತ್ತು. ಬೆಳಗಿನಿಂದ ಬಂದವರೆಲ್ಲ ಕೇಳಿದ್ದರು, ಮಾತ್ರೆ ಗೀತ್ರೆ ಕೊಟ್ಟಿರಲಿಲ್ಲವಾ ಎಂದು. ಕೊಟ್ಟಿದ್ದೆ, ತಪ್ಪದೆ ತಗೊಳ್ಳೋರು ಎಂದು ಎಲ್ಲರಿಗೂ ಹೇಳಿದ್ದಳು. ಈಗ ಬಾಯಿ ಬಿಟ್ಟರೆ ಸುಳ್ಳಿಯೂ ಆಗುತ್ತಾಳೆ, ಗಂಡನನ್ನು ನೋಡಿಕೊಳ್ಳಲಾಗದವಳೂ ಆಗುತ್ತಾಳೆ. ಹಟ್ಟಿಯ ಬಾಯಿ ಏಳು ತಲೆಮಾರು ಮುಚ್ಚುವುದಿಲ್ಲ. ಬಾಯಿ ಬಿಡದಿದ್ದರೆ ಮಗಳು ಇದೇ ಗುಂಡಿಯ ತುದಿಯಲ್ಲಿ ಜನ್ಮ ಪೂರ್ತಿ ನಿಂತಿರುತ್ತಾಳೆ.

"ತಡಿ ವರ್ಷಿ," ಎಂದಳು. "ಇಲ್ನೋಡು."

ಎಲ್ಲರಿಗೂ ಕಾಣುವಂತೆ ಹಾಳೆಗಳನ್ನು ಬಿಡಿಸಿ ಹಿಡಿದಳು.

"ನಿಮ್ಮಪ್ಪ ಒಂದೂ ತಗೊಂಡಿಲ್ಲ. ನಾನು ತಂದ್ಕೊಟ್ಟಿದ್ದೆಲ್ಲ ರಿಮೋಟ್ ಚೀಲದಲ್ಲಿ ಕೂಡಿಟ್ಟವ್ರೆ. ತಗೊಂಡೆ ಅಂತ ನಂಗೆ ಸುಳ್ಳೇಳೋರು. ನಿನ್ನೆನೂ ಚೀಲ ಮುಂದೇನೇ ಇತ್ತು. ಕೈ ಹಾಕಿದ್ರೆ ಆಗ್ತಿತ್ತು. ನೀನಲ್ಲ ಕಣವ್ವ. ಆಟನೂ ಅಲ್ಲ."

ಹೆಂಗಸರ ನಡುವಿನಿಂದ ಪಕ್ಕದ ಮನೆಯ ರಂಗಮ್ಮನ ದನಿ ಬಂತು. "ಅಯ್ಯೋ, ಹೆಂಡ್ತಿ ಆದೋಳು ನೋಡ್ಬ್ಯಾಡ್ವಾ? ಬಾಯಿಗೆ ತುರುಕ್ಬ್ಯಾಡ್ವಾ?"

ಇದು ಬರುತ್ತದೆಂದು ವನಜಾಗೆ ಗೊತ್ತಿತ್ತು. ಗೊತ್ತಿದ್ದರೂ ನೋವಾಯಿತು.

"ಸುಮ್ಕಿರೇ ರಂಗಿ." ಮಣ್ಣಿನ ಮೇಲೆ ಕೂತಿದ್ದ ಕಾಳಕ್ಕ ತಲೆ ಎತ್ತದೆ ಹೇಳಿದಳು. "ಹೆತ್ತೋಳು ನಾನು, ನಂಗೊತ್ತು. ಹೋಳಿಗೆ ಕೊಟ್ರೆ ಅಂಚೆಲ್ಲ ತಿಂದು ಹೂರಣದ್ದು ಆಮ್ಯಾಕೆ ಅಂತ ಎತ್ತಿಡೋನು. ಇರುವೆ ಮುತ್ತೋವು. ಆಗ ಕೂತ್ಕಂಡು ಅಳೋನು. ನಾನೇ ಬುಡ್ಸಕಾಗ್ಲಿಲ್ಲ, ಇವ್ಳೇನು ಬುಡ್ಸಾಳು?"

ರಾಜಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ. "ಕುಡಿಯೋ ಅಂದ್ರೆ ಕೇಳ್ತಿರ್ಲಿಲ್ಲ," ಎಂದ ಅಷ್ಟೇ.

ವರ್ಷಿಣಿ ಗಂಟು ಹಿಡಿದುಕೊಂಡೇ ನೆಲಕ್ಕೆ ಕೂತಳು. ನಿನ್ನೆಯಿಂದ ಬಾರದ ಅಳು ಬಂತು. ಸೊಂಟ ಮುರಿದವರ ಹಾಗೆ ಬಾಗಿ, ಅಪ್ಪಾ ಅಪ್ಪಾ ಎಂದು ಕೂಗಿ ಅತ್ತಳು. ವನಜಾ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಗಂಡನ ಮೇಲೆ ಅವಳಿಗೆ ಹೊಟ್ಟೆ ಉರಿಯುವಷ್ಟು ಸಿಟ್ಟು ಬಂದಿತ್ತು. ಜೊತೆಗೆ ಮಗಳು ಅತ್ತಳಲ್ಲ ಎಂದು ಹೇಳಲಾಗದಷ್ಟು ಸಮಾಧಾನ.

ಯತ್ತಪ್ಪ ಬಹಳ ಹೊತ್ತು ಆ ಹಾಳೆಗಳನ್ನೇ ನೋಡಿದ. ಡಬ್ಬದ ಮಾತು ಎತ್ತಲಿಲ್ಲ. "ಮಣ್ಣೆಳೀರಿ," ಎಂದ.

ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಆಮೇಲೆ ಜುಂಜೇಶ ಗುದ್ದಲಿ ಹಿಡಿದ.

ಕೆಲಸ ಮುಗಿದ ಮೇಲೆ ಜನ ಬೋರ್‌ವೆಲ್ ತೊಟ್ಟಿಯ ಹತ್ತಿರ ಕೈಕಾಲು ತೊಳೆಯಲು ಬಂದರು. ಆ ದಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬೀಗರ ಮನೆಯಿಂದ ಅನ್ನ ಸಾರು ಬರುತ್ತದೆಂದು ಯಾರೋ ಹೇಳುತ್ತಿದ್ದರು. ವರ್ಷಿಣಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತೊಟ್ಟಿ ಕಟ್ಟೆಯ ಮೇಲೆ ಕೂತಿದ್ದಳು. ವನಜಾ ಅವಳ ಮುಖಕ್ಕೆ ನೀರು ಹಾಕುತ್ತಿದ್ದಳು.

ಯತ್ತಪ್ಪ ಕಾಲು ತೊಳೆದುಕೊಂಡು ಅವರ ಮುಂದೆ ಬಂದು ನಿಂತ. ಏನೋ ಹೇಳುತ್ತಾನೆಂದು ವನಜಾ ಸೆರಗು ಸರಿಮಾಡಿಕೊಂಡಳು. ಅವನು ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದ. ದಾರ ಸಡಿಲಿಸಿ, ಒಣಗಿದ ಎಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ ಎಲ್ಲ ಸರಿಸಿ, ತಳದಿಂದ ಮಾತ್ರೆ ಹಾಳೆಗಳನ್ನು ಹೊರಗೆಳೆದ. ಬಣ್ಣ ಬಣ್ಣದವು, ಹಳೆಯವು ಹೊಸವು, ಅಂಚು ಸವೆದು ಹೋದವು.

"ಆಸ್ಪತ್ರೆ ನರ್ಸಮ್ಮ ತಿಂಗ್ಳು ತಿಂಗ್ಳು ಕೊಡ್ತಾಳೆ, ಬಿಪಿದು," ಎಂದ. "ತಲೆ ಸುತ್ತಿದ ದಿನ ತಗಳಾನ ಅಂತ ಇಕ್ಕೊಂಡಿದೀನಿ. ಬೆಳಿಗ್ಗೇದು ಯಾವ್ದು, ನೋಡವ್ವ."

ವರ್ಷಿಣಿ ಕೆನ್ನೆ ಒರೆಸಿಕೊಂಡು ಒಂದೊಂದೇ ಹಾಳೆಯನ್ನು ಬಿಸಿಲಿಗೆ ಹಿಡಿದು ಓದಿದಳು. ತಾರೀಖು ಮುಗಿದವನ್ನು ಪಕ್ಕಕ್ಕೆ ಹಾಕಿದಳು. ಉಳಿದದ್ದರಲ್ಲಿ ಒಂದನ್ನು ಒತ್ತಿ ಅವನ ಅಂಗೈಗೆ ಉದುರಿಸಿದಳು. ವನಜಾ ಚೊಂಬು ಎತ್ತಿದಳು. ಯತ್ತಪ್ಪ ಮಾತ್ರೆ ಬಾಯಿಗೆ ಹಾಕಿಕೊಂಡು ನೀರಿಗೆ ಬೊಗಸೆ ಒಡ್ಡಿದ.

ಅವನ ಹಿಂದೆ ರಂಗಮ್ಮ ತಲೆ ತಗ್ಗಿಸಿ ನಿಂತು, ಸೆರಗಿನ ತುದಿಯಲ್ಲಿ ಚರಚರ ಎನ್ನುತ್ತಿದ್ದ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು.